ಒಂದು ಸ್ಟಾಪ್ ಮೊದಲೇ

ಪಾಲುದಾರಿಕೆ ಎಂಬ ಶಬ್ದವನ್ನು ಪುತ್ತೂರಿನಲ್ಲಿ ಯಾರ ಬಳಿ ಎತ್ತಿದರೂ ಮೊದಲು ಕೇಳುವುದು ಯಾರ ಆಸ್ತಿ ಪಾಲು ಎಂದು. ನಮ್ಮಲ್ಲಿ ಪಾಲು ಎಂದರೆ ಅಣ್ಣ ತಮ್ಮಂದಿರು ಬೇರೆಯಾಗುವುದೇ ಹೊರತು ಕೂಡುವುದಲ್ಲ. ದೂರದ ಒಂದು ಕಂಪನಿ, ಅದಕ್ಕಿಂತ ದೂರದ ಒಂದು ವಿದೇಶಿ ದತ್ತಿ ಸಂಸ್ಥೆ, ಎರಡೂ ಕೂಡಿ ನಮ್ಮ ಸಂಸ್ಥೆಗೆ ಹಣ ಕೊಡುತ್ತವೆ, ಮೊಬೈಲಿನಲ್ಲಿ ಮಕ್ಕಳನ್ನು ಹೆದರಿಸಿ ಹಾಳು ಮಾಡುವವರಿಂದ ಅವರನ್ನು ಕಾಯುವುದಕ್ಕೆ ಎಂದು ನಾನು ವಿವರಿಸಿದರೆ, ಅವರಿಗೆ ಅದರಿಂದ ಎಂತ ಲಾಭ ಎಂದು ಜನ ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಒಳ್ಳೆಯ ಕೆಲಸಕ್ಕೂ ಅನುಮಾನವೇ ಎಂದು ಗೊಣಗುತ್ತಿದ್ದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ನಾನು ಮನೆಯಲ್ಲಿ ಕೂತರೆ ಮನೆಯವರಿಗೂ ಅಷ್ಟೇನೂ ಹಿತವಿರಲಿಲ್ಲ. ಹಾಗಾಗಿ ಈ ಸಂಸ್ಥೆಗೆ ಸೇರಿದೆ. ಪುತ್ತೂರಿನ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ, ಒಂದು ಫೋನು. ಮಕ್ಕಳ ಜೊತೆ ಮಾತಾಡುವವರು ಇಬ್ಬರೇ, ನಾನು ಮತ್ತು ಇಲ್ಲಿನ ಮುಸ್ಲಿಮರ ಮನೆಮಾತಾದ ಬ್ಯಾರಿ ಭಾಷೆ ಬಲ್ಲ ಒಬ್ಬ ಯುವತಿ. ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿನ ಶಾಲೆಗಳಿಗೂ ನಾವೇ ಹೋಗಬೇಕು. ಬೆಳ್ಳಾರೆಯ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿದ ದಿನ ಅಪರೂಪ. ಗುರುತಿಲ್ಲದವರಿಗೆ ಫೋಟೋ ಕಳಿಸಬೇಡಿ, ಯಾರಾದರೂ ಹೆದರಿಸಿದರೆ ನಮಗೆ ಹೇಳಿ, ತಪ್ಪು ನಿಮ್ಮದಲ್ಲ ಎಂದು ಹೇಳುವುದು ನಮ್ಮ ಪಾಠ. ಮಕ್ಕಳ ಉತ್ತರ ಮಾತ್ರ ಎಲ್ಲ ಕಡೆಯೂ ಒಂದೇ: ‘ಎಂತ ಇಲ್ಲ ಟೀಚರ್.’ ಕಣ್ಣು ಕೆಂಪಾಗಿದ್ದರೂ ಎಂತ ಇಲ್ಲ, ಮಧ್ಯಾಹ್ನದ ಊಟ ಬಿಟ್ಟು ಕೂತಿದ್ದರೂ ಎಂತ ಇಲ್ಲ.

ಆ ಶಾಲೆಗಳಲ್ಲೊಂದರ ಒಬ್ಬ ಹುಡುಗಿಯೂ ಮೂರು ಸಲ ಎಂತ ಇಲ್ಲ ಎಂದಳು. ನಾಲ್ಕನೆಯ ಸಲ ಹೇಳಿದಳು. ಮೊಬೈಲಿನಲ್ಲಿ ಪರಿಚಯವಾದ ಒಬ್ಬ ಅವಳ ಫೋಟೋದಿಂದ ಮುಖವನ್ನು ತೆಗೆದು ಬೇರೆ ಯಾವುದೋ ಕೆಟ್ಟ ಚಿತ್ರಕ್ಕೆ ಅಂಟಿಸಿದ್ದ. ತಾನು ಹೇಳಿದಂತೆ ಕೇಳದಿದ್ದರೆ ಊರಿಗೆಲ್ಲ ಕಳಿಸುತ್ತೇನೆ ಎನ್ನುತ್ತಿದ್ದ. ಅವನು ಆಗಲೇ ಕಳಿಸಿಬಿಟ್ಟಿದ್ದಾನೆ ಎಂದು ಅವಳಿಗೆ ಮನಸ್ಸಿನಲ್ಲಿ ಖಚಿತವಾಗಿತ್ತು. ಯಾರ ಕೈಯಲ್ಲಿ ಮೊಬೈಲ್ ಕಂಡರೂ ಅವರು ತನ್ನನ್ನೇ ನೋಡುತ್ತಿದ್ದಾರೆ ಎಂದು ಅನ್ನಿಸುತ್ತಿತ್ತು. ಅವಳು ಇಳಿಯಬೇಕಾದ ಸ್ಟಾಪಿನಲ್ಲಿ ಒಂದು ಅಂಗಡಿ, ಅಂಗಡಿಯ ಜಗಲಿಯಲ್ಲಿ ಸದಾ ನಾಲ್ಕು ಜನ, ನಾಲ್ವರ ಕೈಯಲ್ಲೂ ಮೊಬೈಲ್. ಅದಕ್ಕೆ ಅವಳು ದಿನಾ ಒಂದು ಸ್ಟಾಪ್ ಮೊದಲೇ ಇಳಿದು, ರಬ್ಬರ್ ತೋಟದ ಬದಿಯಿಂದ ನಡೆದು ಮನೆ ಸೇರುತ್ತಿದ್ದಳು.

ಅವಳ ತಾಯಿಯನ್ನು ಕರೆಸಿದೆವು. ಪೊಲೀಸರಿಗೆ ದೂರು ಕೊಟ್ಟೆವು. ಆ ಮನುಷ್ಯ ಸಿಕ್ಕಿದ. ಬೇರೆ ಜಿಲ್ಲೆಯವನು, ಹೆಂಡತಿ ಮಕ್ಕಳಿದ್ದವನು. ಚಿತ್ರ ಅವನ ಮೊಬೈಲಿನಿಂದ ಯಾರಿಗೂ ಹೋಗಿರಲಿಲ್ಲ. ಊರಿನಲ್ಲಿ ಅದನ್ನು ನೋಡಿದವರು ಒಬ್ಬರೂ ಇಲ್ಲ ಎಂದು ನಾನೇ ಅವರ ಮನೆಗೆ ಹೋಗಿ ತಾಯಿಗೂ ಮಗಳಿಗೂ ಹೇಳಿ ಬಂದೆ. ಅಂಗಳದ ತನಕ ಬಂದ ಹುಡುಗಿ ಒಂದೇ ಮಾತು ಕೇಳಿಕೊಂಡಳು.

‘ಶಾಲೆಯಲ್ಲಿ ಯಾರಿಗೂ ಗೊತ್ತಾಗುದು ಬೇಡ ಟೀಚರ್.’

‘ನನ್ನ ಬಾಯಿಂದ ಹೋಗುದಿಲ್ಲ’ ಎಂದೆ. ಬಾಯಿಂದ ಹೋಗಲಿಲ್ಲ, ಅದು ನಿಜ.

ಮುಂದಿನ ವರ್ಷ ಪಾಲುದಾರಿಕೆಯ ಅವಧಿ ಮುಗಿಯುವುದಿತ್ತು. ಮುಂದುವರಿಸಬೇಕಾದರೆ ದೊಡ್ಡದೊಂದು ಅರ್ಜಿ ತುಂಬಬೇಕು. ಅದರಲ್ಲಿ ಬದಲಾವಣೆಯ ಕಥೆ ಎಂದು ಒಂದು ಪುಟ. ಒಂದು ಮಗುವಿನ ಬದುಕು ಹೇಗೆ ಬದಲಾಯಿತು ಎಂದು ಓದುವವರ ಮನಸ್ಸಿಗೆ ತಾಗುವಂತೆ ಬರೆಯಬೇಕು. ಹಣ ನಿಂತರೆ ಕೋಣೆ ಹೋಗುತ್ತದೆ, ಫೋನು ಹೋಗುತ್ತದೆ, ಬ್ಯಾರಿ ಮಕ್ಕಳು ನಂಬಿ ಮಾತಾಡುವ ಆ ಯುವತಿಯ ಕೆಲಸವೂ ಹೋಗುತ್ತದೆ. ಬರೆಯುವ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂತು. ನಾನು ಬೇಡ ಅನ್ನಲೂ ಇಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು.

ತಾಯಿಯ ಒಪ್ಪಿಗೆ ಕೇಳಿದೆ. ಹೆಸರು ಇರುವುದಿಲ್ಲ, ಊರು ಇರುವುದಿಲ್ಲ, ಇಂಗ್ಲಿಷಿಗೆ ತಿರುಗಿಸಿ ದೂರ ಕಳಿಸುವುದು, ಇಲ್ಲಿ ಯಾರೂ ಓದುವುದಿಲ್ಲ ಎಂದು ತುಳುವಿನಲ್ಲಿ ತಿಳಿಸಿದೆ. ಹೇಳುವಾಗ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಟೀಚರ್ ಹೇಳಿದ ಮೇಲೆ ಕೇಳುವುದೆಂತ ಎಂದು ಅವರು ಸಹಿ ಹಾಕಿದರು. ಹುಡುಗಿಯನ್ನು ನಾನು ಕೇಳಲಿಲ್ಲ. ಪರೀಕ್ಷೆ ಹತ್ತಿರ ಇತ್ತು, ಹಳೆಯದನ್ನು ಯಾಕೆ ನೆನಪಿಸುವುದು ಎಂದುಕೊಂಡೆ. ಆ ಸಮಾಧಾನ ನನಗೆ ಬೇಕಾಗಿತ್ತು, ಮಾಡಿಕೊಂಡೆ.

ಹೆಸರು ಬದಲಿಸಿದೆ, ತರಗತಿ ಬದಲಿಸಿದೆ, ತಾಯಿಯ ಕೆಲಸ ಬದಲಿಸಿದೆ. ಬಸ್ಸಿನ ವಿಷಯ ಮಾತ್ರ ಇದ್ದ ಹಾಗೆ ಉಳಿಸಿಕೊಂಡೆ. ಮೂವತ್ತು ವರ್ಷ ಮಕ್ಕಳ ಪ್ರಬಂಧಕ್ಕೆ ಕೆಂಪು ಶಾಯಿಯಲ್ಲಿ ‘ವಿವರ ಸಾಲದು’ ಎಂದು ಬರೆದ ಕೈ ಇದು. ‘ಅವಳಿಗೆ ತುಂಬಾ ಭಯವಿತ್ತು’ ಎಂದರೆ ಯಾರ ಮನಸ್ಸಿಗೂ ಏನೂ ತಾಗುವುದಿಲ್ಲ. ‘ಅವಳು ಒಂದು ಸ್ಟಾಪ್ ಮೊದಲೇ ಇಳಿಯುತ್ತಿದ್ದಳು’ ಎಂದರೆ ತಾಗುತ್ತದೆ. ತಾಗಿತು. ಕಥೆಯನ್ನು ನಾವೆಲ್ಲ ಕೂತು ಎರಡೆರಡು ಸಲ ಓದಿದೆವು ಎಂದು ಹಣ ಕೊಡುವವರಿಂದ ಪತ್ರ ಬಂತು. ಹಣ ಮುಂದುವರಿಯಿತು. ಆ ದಿನ ಆಫೀಸಿನಲ್ಲಿ ಗೋಳಿಬಜೆ ತರಿಸಿ ತಿಂದೆವು.

ಅದಾಗಿ ಕೆಲವು ತಿಂಗಳಿಗೆ ಪುಸ್ತಕಗಳ ಕಟ್ಟುಗಳು ಬಂದವು. ಹಣ ಕೊಡುವವರೇ ಆಯ್ದ ಕಥೆಗಳನ್ನು ಆಯಾ ಭಾಷೆಗೆ ಅನುವಾದ ಮಾಡಿಸಿ, ಚಂದದ ಚಿತ್ರ ಹಾಕಿಸಿ, ಶಾಲೆಗಳಲ್ಲಿ ಹಂಚಲು ಕಳಿಸಿದ್ದರು. ನನ್ನ ಕಥೆ ಕನ್ನಡದಿಂದ ಇಂಗ್ಲಿಷಿಗೆ ಹೋಗಿ, ಮತ್ತೆ ಕನ್ನಡವಾಗಿ ಮನೆಗೆ ಬಂದಿತ್ತು. ನಾನು ಮಾಡಿದ್ದೇನು ಗೊತ್ತೇ? ಪೆನ್ನು ಹಿಡಿದು ಕೂತು ವಿಭಕ್ತಿ ಪ್ರತ್ಯಯದ ತಪ್ಪು ತಿದ್ದಿದೆ. ಎರಡು ಕಡೆ ಅಲ್ಪಪ್ರಾಣ ಮಹಾಪ್ರಾಣ ಅದಲು ಬದಲಾದದ್ದಕ್ಕೆ ಬೈದುಕೊಂಡೆ. ಹುಡುಗಿಯೊಬ್ಬಳು ಬಸ್ಸಿನಿಂದ ಇಳಿಯುವ ಚಿತ್ರ ನೋಡಿ, ಪರವಾಗಿಲ್ಲ, ಚೆನ್ನಾಗಿ ಬರೆದಿದ್ದಾರೆ ಎಂದೆ. ಆಮೇಲೆ ನಮ್ಮ ಪಟ್ಟಿಯಲ್ಲಿದ್ದ ಎಲ್ಲ ಶಾಲೆಗಳಿಗೂ ಕಟ್ಟು ಕಳಿಸಿದೆ. ಅವಳ ಶಾಲೆ ಆ ಪಟ್ಟಿಯಲ್ಲಿತ್ತು. ಹೆಸರು ಬದಲಿಸಿದ ಮೇಲೆ ಅದು ಯಾರ ಕಥೆಯೂ ಅಲ್ಲ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಒಂದು ಮಧ್ಯಾಹ್ನ ಅವಳ ತಾಯಿ ಮಹಡಿ ಹತ್ತಿ ಬಂದರು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ. ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಮಗಳು ಒಂದು ಸ್ಟಾಪ್ ಮೊದಲೇ ಇಳಿಯುತ್ತಿದ್ದದ್ದು ಬಸ್ಸಿನಲ್ಲಿ ಬರುವ ಮಕ್ಕಳಿಗೆಲ್ಲ ಗೊತ್ತಿತ್ತಂತೆ. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ಯಾಕೆಗೆ ಉತ್ತರ ಈ ಪುಸ್ತಕದಲ್ಲಿ ಸಿಕ್ಕಿತು. ತರಗತಿಯಲ್ಲಿ ಯಾರೋ ಆ ಪುಟ ಗಟ್ಟಿಯಾಗಿ ಓದಿದರು. ಸಂಜೆ ಬಸ್ಸಿನಲ್ಲಿ ಆ ಸ್ಟಾಪ್ ಬಂದಾಗ, ಇಳಿಯುವುದಿಲ್ಲವಾ ಎಂದು ಹಿಂದಿನ ಸೀಟಿನಿಂದ ಕೇಳಿದರು.

‘ಫೋಟೋ ಯಾರೂ ನೋಡ್ಲಿಲ್ಲ ಅಂತ ನೀವೇ ಹೇಳಿದ್ದು ಟೀಚರೆ’ ಎಂದರು ತಾಯಿ. ‘ಈಗ ನೋಡದವರೂ ನೋಡಿದ ಹಾಗೆ ಮಾತಾಡ್ತಾರೆ.’

ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರಿಗೆ ಬೈಯುವ ಶಕ್ತಿಯೂ ಇರಲಿಲ್ಲ.

ಅದೇ ದಿನ ಅವರ ಜೊತೆಯಲ್ಲೇ ಅವರ ಮನೆಗೆ ಹೋದೆ. ಹುಡುಗಿ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಶಾಲೆ ಬಿಡಿಸಿ ಸಂಬಂಧಿಕರ ಮನೆಗೆ ಕಳಿಸುವುದೆಂದು ಆಗಲೇ ತೀರ್ಮಾನವಾಗಿತ್ತು. ಎಲ್ಲಿಗೆ ಎಂದು ನನಗೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಹೇಳಲು ಅವರಿಗೆ ನನ್ನ ಮೇಲೆ ಯಾವ ನಂಬಿಕೆ? ತಪ್ಪಾಯಿತು ಎಂದೆ. ಅಷ್ಟು ವರ್ಷ ಕನ್ನಡ ಕಲಿಸಿದವಳಿಗೆ ಅದಕ್ಕಿಂತ ಬೇರೆ ಶಬ್ದ ಸಿಗಲಿಲ್ಲ. ಅವಳು ತಲೆ ಎತ್ತದೆ ಹೇಳಿದಳು.

‘ಬಸ್ಸಿದು ಅಮ್ಮನಿಗೂ ಹೇಳಿರ್ಲಿಲ್ಲ ಟೀಚರ್. ನಿಮ್ಮ ಹತ್ರ ಮಾತ್ರ ಹೇಳಿದ್ದು.’

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಗಾದೆಯನ್ನು ವಿಸ್ತರಿಸಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಎಷ್ಟು ವರ್ಷ ಕೊಟ್ಟಿದ್ದೆನೋ. ವಿಸ್ತರಿಸುವುದು ಹೇಗೆ ಎಂದು ಆ ಸಂಜೆ ವಾಪಸ್ ಬರುವ ಬಸ್ಸಿನಲ್ಲಿ ತಿಳಿಯಿತು.

ಪುಸ್ತಕಗಳನ್ನು ಶಾಲೆ ಶಾಲೆಗೆ ಹೋಗಿ ವಾಪಸ್ ತಂದೆವು. ಕೆಲವು ಬರಲಿಲ್ಲ. ಹಣ ಕೊಡುವವರಿಗೆ ಎಲ್ಲವನ್ನೂ ಬರೆದು ತಿಳಿಸಿದೆ. ಅವರು ನಿಜಕ್ಕೂ ನೊಂದುಕೊಂಡರು, ಕ್ಷಮೆ ಕೇಳಿದರು, ಅರ್ಜಿಗೆ ಹೊಸದೊಂದು ಕಾಲಂ ಸೇರಿಸಿದರು: ಮಗುವಿನ ಗುರುತು ಸಿಗುವ ವಿವರಗಳಿವೆಯೇ, ಹೌದು ಅಥವಾ ಇಲ್ಲ. ಅವರನ್ನು ದೂರುವುದು ಸುಲಭ. ಆದರೆ ಅವರು ಕೊಟ್ಟ ಹಣದಿಂದಲೇ ಈಗಲೂ ಆ ಫೋನು ಉಂಟು, ಅದು ರಿಂಗಾಗುತ್ತದೆ, ಎತ್ತಿದರೆ ಆ ಕಡೆ ಒಂದು ಮಗು ಎಂತ ಇಲ್ಲ ಎನ್ನುತ್ತದೆ. ನಾನು ಕೆಲಸ ಬಿಡಲಿಲ್ಲ. ಕಥೆ ಬರೆಯುವುದನ್ನು ಬಿಟ್ಟಿದ್ದೆ.

ಈಗ ಇದನ್ನು ಬರೆದೆ. ಬರೆದ ಮೇಲೆ ಹಳೆಯ ಅಭ್ಯಾಸದಂತೆ ಒಮ್ಮೆ ಓದಿ ನೋಡಿದೆ. ಓದುವವರಿಗೆ ಒಂದು ಮಾತು ಹೇಳಬೇಕು. ಅವಳು ಒಂದು ಸ್ಟಾಪ್ ಮೊದಲೇ ಇಳಿಯುತ್ತಿದ್ದಳು ಎಂದೆನಲ್ಲ, ಅದು ನಿಜವಲ್ಲ. ಆ ಅಂಗಡಿ ಇಲ್ಲ, ರಬ್ಬರ್ ತೋಟ ಇಲ್ಲ. ಪುಸ್ತಕದಲ್ಲಿ ಅಚ್ಚಾದದ್ದು, ಅವಳು ದಿನಾ ಮಾಡುತ್ತಿದ್ದದ್ದು, ಬೇರೆಯೇ ಒಂದು. ಇದಕ್ಕಿಂತ ಸಣ್ಣದು, ಇದಕ್ಕಿಂತ ಸಂಕಟದ್ದು. ಬರೆದರೆ ನೀವು ಮರೆಯುವುದಿಲ್ಲ ಎಂದು ನನಗೆ ಗೊತ್ತು. ಬರೆಯುವುದಿಲ್ಲ. ಅದನ್ನು ಅವಳು ನನ್ನ ಹತ್ತಿರ ಮಾತ್ರ ಹೇಳಿದ್ದು.