ಉಜ್ಜಿದರೂ ಹೋಗದ ಕಪ್ಪು

ರಸಾಯನಶಾಸ್ತ್ರದ ಆ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಗಾಜಿನ ಸಾಮಾನು ತೊಳೆಯುತ್ತಿದ್ದವನಿಗೆ ಎಲ್ಲರೂ ಇಟ್ಟ ಹೆಸರು ಫಳಫಳಣ್ಣ. ತೊಳೆದ ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ವಜ್ರದ ವ್ಯಾಪಾರಿಯ ಗತ್ತಿನಲ್ಲಿ ನೋಡದೆ ಅವನು ಕಪಾಟಿಗೆ ಸೇರಿಸಿದವನಲ್ಲ. ಪ್ರಯೋಗ ಕೆಟ್ಟರೆ ವಿದ್ಯಾರ್ಥಿಗಳು ಮೊದಲು ತಮ್ಮ ಹಣೆಬರಹವನ್ನು ಬೈದುಕೊಳ್ಳುತ್ತಿದ್ದರು, ಆಮೇಲೆ ಬಾಟಲಿ ಕಳಿಸಿದ ಕಂಪನಿಯನ್ನು. ತೊಳೆದವನನ್ನು ಬೈಯುವ ಧೈರ್ಯ ಯಾರಿಗೂ ಇರಲಿಲ್ಲ. ಮನೆಯಲ್ಲಿ ಮಾತ್ರ ಅವನು ಕುಡಿದ ಲೋಟ ಕುಡಿದ ಜಾಗದಲ್ಲೇ ಇರುತ್ತಿತ್ತು. "ನಿಮ್ಮ ಕೈ ಎರಡನ್ನೂ ಆಫೀಸಿಗೇ ಬರೆದುಕೊಟ್ಟಿದ್ದೀರಾ?" ಎಂದು ಹೆಂಡತಿ ಕೇಳಿದರೆ, ಮನೆಯ ನೀರಿನ ಗುಣಮಟ್ಟ ಸರಿಯಿಲ್ಲ ಎನ್ನುತ್ತಿದ್ದ. ಗಂಡಸರಾದ ನಮಗೆಲ್ಲ ಇಂಥ ಹೊತ್ತಿನಲ್ಲೇ ವಿಜ್ಞಾನ ಕೈಹಿಡಿಯುವುದು.

ಅಲ್ಲಿ ನಡೆಯುತ್ತಿದ್ದ ಕೆಲಸ ಅವನಿಗೆ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಒಂದು ಅಣುವಿನಲ್ಲಿ ಇಂಗಾಲವೂ ಬ್ರೋಮಿನ್ನೂ ಅಂಟಿಕೊಂಡು ಕೂತಿರುತ್ತವೆ. ಪಲ್ಲೇಡಿಯಂ ಎಂಬ ಲೋಹದ ಸಂಕೀರ್ಣ ಬಂದು ಅವುಗಳ ನಡುವೆ ನುಗ್ಗುತ್ತದೆ.

"ಬಸ್ಸಲ್ಲಿ ಇಬ್ಬರ ಸೀಟಿಗೆ ಬಂದು 'ಸ್ವಲ್ಪ ಸರೀರಿ' ಅಂತ ಮಧ್ಯ ಕೂರ್ತಾನಲ್ಲ, ಅಂಥವನು," ಎಂದು ಹೆಂಡತಿಗೆ ವಿವರಿಸಿದ್ದ. "ಬ್ರೋಮಿನ್ನನ್ನ ಎಬ್ಬಿಸಿ ಕಳಿಸಿ, ಇನ್ಯಾರನ್ನೋ ಕರೆದು ಇಂಗಾಲದ ಪಕ್ಕ ಕೂರಿಸಿ, ತಾನು ಎದ್ದು ಮುಂದಿನ ಸೀಟಲ್ಲೂ ಅದೇ ಕೆಲಸ ಶುರು ಮಾಡ್ತಾನೆ."

"ಅಂಥೋರು ನಿಮ್ಮ ಕಡೆ ನೆಂಟರಲ್ಲಿ ಬೇಕಾದಷ್ಟಿದ್ದಾರೆ," ಎಂದಿದ್ದಳು ಹೆಂಡತಿ.

ತಾನು ಸವೆಯದೆ ಇಷ್ಟೆಲ್ಲ ಓಡಾಡುವ ಲೋಹವಾದ್ದರಿಂದ ಚಿಟಿಕೆಗಿಂತ ಕಡಿಮೆ ಸಾಕು; ಆದರೆ ವಿಪರೀತ ದುಬಾರಿ. ಹೀಗಿರುವಾಗ, ಸಂಶೋಧನೆಯ ಕೊನೆಯ ವರ್ಷದಲ್ಲಿದ್ದ ಹುಡುಗಿಯೊಬ್ಬಳು ಪಲ್ಲೇಡಿಯಂ ಹಾಕದೆಯೇ ಆ ಜೋಡಣೆ ಮಾಡಿಬಿಟ್ಟಳು. ಒಂದಲ್ಲ, ಏಳು ಸಲ. ಪ್ರೊಫೆಸರರ ಕಾಲು ನೆಲದ ಮೇಲೆ ನಿಲ್ಲದಂತಾಯಿತು. ಶುಕ್ರವಾರ ಹೊರಗಿನಿಂದ ಬರುವ ದೊಡ್ಡವರ ಮುಂದೆ ಅವಳೇ ಅದನ್ನು ಘೋಷಿಸುವುದೆಂದು ತೀರ್ಮಾನವಾಯಿತು.

ಎಲ್ಲರೂ ಕುಣಿಯುತ್ತಿದ್ದಾಗ ಫಳಫಳಣ್ಣನಿಗೆ ಮಾತ್ರ ಅನ್ನ ಸೇರಲಿಲ್ಲ. ಫ್ಲಾಸ್ಕಿನೊಳಗೆ ಗಿರಗಿರ ತಿರುಗಿ ದ್ರವ ಕಲಕುವ, ಬೆರಳ ಗೆಣ್ಣಿನಷ್ಟುದ್ದದ ಬಿಳಿ ಮ್ಯಾಗ್ನೆಟ್ಟೊಂದು ಇರುತ್ತದಲ್ಲ, ಏಳು ಸಲವೂ ಅವಳು ಹಾಕಿದ್ದು ಒಂದೇ ಮ್ಯಾಗ್ನೆಟ್ಟು. ಅದರ ತುದಿಯಲ್ಲೊಂದು ಕಪ್ಪು ಕಲೆ. ಹಿಂದೆ ಅದು ತಿಂಗಳುಗಟ್ಟಲೆ ಪಲ್ಲೇಡಿಯಂ ಫ್ಲಾಸ್ಕಿನಲ್ಲೇ ತಿರುಗಿದ್ದು. ಸೋಪು, ಆಮ್ಲ, ಬ್ರಷ್ಷು, ಕೊನೆಗೆ ಬೈಗುಳ, ಎಲ್ಲ ಪ್ರಯೋಗಿಸಿ ಸೋತು, ಕಲೆಯ ಬದಿ ಕೆಳಗಾಗುವಂತೆ ಟ್ರೇಯಲ್ಲಿ ಮಲಗಿಸಿ ಅವನು ಸುಮ್ಮನಾಗಿದ್ದ.

ಹೇಳಿದರೆ ಇಪ್ಪತ್ತಾರು ವರ್ಷದ ಮರ್ಯಾದೆ ಸಿಂಕಿನ ಪಾಲು. ಹೇಳದಿದ್ದರೆ ಆ ಮಗು ದೊಡ್ಡವರ ಮುಂದೆ, ತನಗೇ ಗೊತ್ತಿಲ್ಲದೆ, ಸುಳ್ಳು ಹೇಳುತ್ತದೆ. ನಾಳೆ ಬೇರೆಯವರು ಮಾಡಿ ನೋಡಿ, ಆಗಲಿಲ್ಲವೆಂದು ನಗುತ್ತಾರೆ. ಎರಡು ದಿನ ಒದ್ದಾಡಿ, ಬುಧವಾರ ಮಧ್ಯಾಹ್ನ ಅವಳ ಮೇಜಿನ ಮುಂದೆ ಹೋಗಿ ನಿಂತ.

"ತಾಯಿ, ನಾನು ತೊಳೆದಿದ್ದು ಸರಿ ಇಲ್ಲ."

"ಅಣ್ಣಾ, ಹುಷಾರಿದ್ದೀರಾ? ಜ್ವರ ಗಿರ ಏನಾದ್ರೂ..."

"ಜ್ವರ ಅಲ್ಲಮ್ಮ. ನಿನ್ನ ಆ ಮ್ಯಾಗ್ನೆಟ್ ಗಲೀಜು. ಅದರಲ್ಲಿ ಹಳೇ ಪಲ್ಲೇಡಿಯಂ ಕೂತಿದೆ. ಕಷ್ಟಪಟ್ಟು ಬಾಯಿಬಿಟ್ಟಿದ್ದೀನಿ, ಇನ್ನೊಂದ್ಸಲ ಹೇಳಿಸ್ಬೇಡ."

ಹುಡುಗಿ ಜಾಣೆ, ವಾದಕ್ಕೆ ಇಳಿಯಲಿಲ್ಲ. ಎರಡು ಹೊಸ ಫ್ಲಾಸ್ಕು ತೆಗೆದಳು. ಎರಡಕ್ಕೂ ಅದೇ ಪುಡಿ, ಅದೇ ದ್ರವ. ಒಂದಕ್ಕೆ ಹಳೇ ಮ್ಯಾಗ್ನೆಟ್ಟು, ಇನ್ನೊಂದಕ್ಕೆ ಆಗಷ್ಟೇ ಪೊಟ್ಟಣ ಒಡೆದ ಹೊಸದು. ಸಂಜೆ ಒಂದೊಂದು ಹನಿಯನ್ನು ಪರೀಕ್ಷೆಯ ಬಿಳಿ ಪಟ್ಟಿಯ ಮೇಲೆ ಓಡಿಸಿ, ಪಟ್ಟಿಯನ್ನು ನೇರಳಾತೀತ ದೀಪದಡಿ ನೋಡಿದರೆ, ಹಳೆಯದರಲ್ಲಿ ಹೊಸ ವಸ್ತುವಿನ ಚುಕ್ಕೆ ಠಾಕುಠೀಕಾಗಿ ಕೂತಿತ್ತು. ಹೊಸದರಲ್ಲಿ ಹಾಕಿದ್ದು ಹಾಕಿದ ಹಾಗೇ.

ಇಬ್ಬರೂ ಪ್ರೊಫೆಸರರ ಕೋಣೆಗೆ ಹೋದರು. ವಿಷಯ ಕೇಳಿ ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಶುಕ್ರವಾರ ಎಲ್ಲರ ಮುಂದೆ ಮಂಗ ಆಗೋನಿದ್ದೆ ಕಣ್ರೀ," ಎಂದು ಕೊನೆಗೆ ಜೋರಾಗಿ ನಕ್ಕರು. "ಮೊದಲೇ ಯಾಕ್ರೀ ಹೇಳ್ಲಿಲ್ಲ?"

"ನಾಚಿಕೆ, ಸರ್."

"ಸಾಸಿವೆಯಷ್ಟು ಕಲೆ, ಇವತ್ತಿಂದೂ ಸೇರಿ ಎಂಟು ಸಲ ಕೆಲಸ ಮಾಡಿದೆಯಲ್ರೀ! ಎಷ್ಟು ಕಡಿಮೆ ಪಲ್ಲೇಡಿಯಂ ಸಾಕು ಅನ್ನೋದನ್ನೇ ಅಳೆದು ಹೇಳೋಣ. ಏನಮ್ಮಾ?"

ಅಳುವುದಕ್ಕೆ ಸಿದ್ಧವಾಗಿ ಬಂದಿದ್ದ ಹುಡುಗಿ ಕರವಸ್ತ್ರ ಮಡಚಿಟ್ಟಳು.

ಶುಕ್ರವಾರ ಅವಳು ನಡೆದದ್ದನ್ನು ನಡೆದ ಹಾಗೇ ಹೇಳಿ, ಪತ್ತೆ ಮಾಡಿದವರು ಇವರೇ ಎಂದು ಬಾಗಿಲ ಮರೆಯಲ್ಲಿ ನಿಂತಿದ್ದವನತ್ತ ಕೈ ತೋರಿಸಿದಳು. ಚಪ್ಪಾಳೆ ಬಿತ್ತು. ಗಲೀಜಿಗೂ ಚಪ್ಪಾಳೆ ಬೀಳುತ್ತದೆಂದು ಅವನಿಗೆ ಅವತ್ತೇ ಗೊತ್ತಾದದ್ದು.

ಮರ್ಯಾದೆಯ ಗತಿ ಏನಾಯಿತೆಂದರೆ, ಸೋಮವಾರದಿಂದ, ಪ್ರಯೋಗ ಕೈಕೊಟ್ಟ ಸಂಶೋಧಕರು ಒಬ್ಬೊಬ್ಬರಾಗಿ ಸಿಂಕಿನ ಹತ್ತಿರ ಸುಳಿದು, ಅತ್ತಿತ್ತ ನೋಡಿ ಪಿಸುಗುಟ್ಟತೊಡಗಿದರು.

"ಅಣ್ಣಾ, ಸರಿಯಾಗಿ ತೊಳೀದೇ ಇರೋದು ಇನ್ನೊಂದೇನಾದ್ರೂ ಇದ್ಯಾ?"

ಫಳಫಳಣ್ಣ ಕೈಯ ನೊರೆ ಕೊಡವಿ ನೆಟ್ಟಗೆ ನಿಂತ. "ಇಪ್ಪತ್ತಾರು ವರ್ಷಕ್ಕೆ ಇದ್ದಿದ್ದೇ ಒಂದು. ಅದನ್ನೂ ಪ್ರೊಫೆಸರ್ ಬೀರುವಲ್ಲಿಟ್ಟು ಬೀಗ ಹಾಕಿದ್ದಾರೆ. ಹೋಗ್ರಪ್ಪಾ, ಕೆಲಸ ನೋಡ್ಕೊಳ್ಳಿ."