ಭಾವನ ಸೂರ್ಯೋದಯ

ನಾನು ಪೆರು ದೇಶಕ್ಕೆ ಹೋದದ್ದು ಸೇಡು ತೀರಿಸಿಕೊಳ್ಳಲು. ಉಳಿದವರು ಅಲ್ಲಿಗೆ ಹಳೆಯ ಕಲ್ಲುಕೋಟೆ ನೋಡಲು ಹೋಗುತ್ತಾರೆ. ನನಗೆ ಬೇಕಾದದ್ದು ರಾಜಧಾನಿ ಲಿಮಾದ ಮಿರಾಫ್ಲೋರೆಸ್ ಎಂಬ ಒಂದೇ ಬಡಾವಣೆ, ಅದರ ಸಮುದ್ರದಂಡೆ.

ಕಾರಣ ನನ್ನ ಹೆಂಡತಿಯ ಅಣ್ಣ. ರಾಮದುರ್ಗದಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ. ಒಂದು ಕಂಪನಿ ತನ್ನ ವ್ಯಾಪಾರಿಗಳನ್ನು ಲಿಮಾಕ್ಕೆ ಕರೆದೊಯ್ದಿತ್ತು. ಅಲ್ಲಿಂದ ಬಂದಮೇಲೆ, ಮನೆಯಲ್ಲಿ ಯಾವ ಕಾರ್ಯವಿರಲಿ, ಊಟವಾದ ಕೂಡಲೇ ಭಾವನ ಕಥೆ ಶುರು. ಮಿರಾಫ್ಲೋರೆಸ್‌ನ ಮರಳಿನಲ್ಲಿ ಕುಳಿತು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡುತ್ತಿದ್ದಾಗ ಸಮುದ್ರದೊಳಗಿಂದ ಸೂರ್ಯ ಎದ್ದು ಬಂದನಂತೆ. ಮುದುಕಿಯರು ಕೈಮುಗಿಯುತ್ತಿದ್ದರು. ಆಮೇಲೆ ಭಾವ ನನ್ನತ್ತ ತಿರುಗುತ್ತಿದ್ದರು.

"ನಮ್ಮ ಮಾಸ್ತರಗ ಇದೆಲ್ಲಾ ಆಗೂದಿಲ್ಲ ಬಿಡ್ರಿ. ಬೈಲಹೊಂಗಲ ಬಿಟ್ಟು ಸವದತ್ತಿ ಮುಟ್ಟೂದ್ರಾಗ ಅವರ ಊಟದ ಟೈಮ್ ಆಗತೈತಿ. ನಮ್ಮ ತಂಗೀನ ಗಡಿಯಾರಕ್ಕ ಕೊಟ್ಟೇವಿ."

ನಾನು ಸೈನಿಕ ಶಾಲೆಯಲ್ಲಿ ಕಲಿತವನು, ಮುಂದೆ ಮಕ್ಕಳಿಗೆ ಕವಾಯತು ಕಲಿಸಿದವನು. ಹೊತ್ತಿಗೆ ಏಳುವುದು, ಹೊತ್ತಿಗೆ ಉಣ್ಣುವುದು ನನಗೆ ನಾಚಿಕೆಯ ವಿಷಯವಲ್ಲ. ಜನ ನಕ್ಕರೆ ನಗಲಿ. ಆದರೆ ಪ್ರತಿ ಸಲ ನನ್ನ ಹೆಂಡತಿಯೂ ನಗುತ್ತಿದ್ದಳು, ಸೆರಗು ಬಾಯಿಗೆ ಹಿಡಿದು. ಆ ನಗೆಯನ್ನು ನಿಲ್ಲಿಸಬೇಕಿತ್ತು.

ಸಂಕ್ರಾಂತಿ ಮುಗಿಸಿ, ಬೆಳಗಾವಿಯ ಪ್ರವಾಸ ತಂಡವೊಂದರ ಜೊತೆ ಇಬ್ಬರೂ ಹೊರಟೆವು.

ಮೊದಲ ದಿನ ಸ್ನಾನ, ಪೂಜೆ ಮುಗಿಸಿ ಕತ್ತಲಿರುವಾಗಲೇ ದಂಡೆಗೆ ನಡೆದೆವು. ಮಿರಾಫ್ಲೋರೆಸ್ ಇರುವುದು ಕಡಿದಾದ ಗುಡ್ಡದ ಅಂಚಿನ ಮೇಲೆ. ಸಮುದ್ರ ಬಹಳ ಕೆಳಗೆ. ಮೆಟ್ಟಿಲಿಳಿದು ಹೋದರೆ ಕಾಲಿಗೆ ಸಿಕ್ಕಿದ್ದು ಮರಳಲ್ಲ, ಗುಂಡುಕಲ್ಲು. ಅಲೆ ಹಿಂದೆ ಸರಿದಾಗ ಅವೆಲ್ಲ ಉರುಳಿ, ಟ್ರ್ಯಾಕ್ಟರಿನಿಂದ ಖಡಿ ಸುರಿದಂತೆ ಸದ್ದು.

"ಇದರ ಮ್ಯಾಲ ಅಣ್ಣ ಹೆಂಗ ಕುಂತಿದ್ನೊ ಏನೊ," ಎಂದಳು ಹೆಂಡತಿ.

ಬೆಳಕಾಯಿತು. ಸಮುದ್ರದ ಮೇಲೆ ಸೂರ್ಯನ ಸುಳಿವಿಲ್ಲ. ಬಿಸಿಲು ನಮ್ಮ ಬೆನ್ನ ಹಿಂದೆ, ಗುಡ್ಡದ ಮೇಲಿನ ಕಟ್ಟಡಗಳ ಆಚೆಯಿಂದ ಬಂದು ಮೊದಲು ದೂರದ ನೀರನ್ನು ಮುಟ್ಟಿತು. ಲಿಮಾದ ಸಮುದ್ರ ಪಶ್ಚಿಮಕ್ಕಿದೆ, ನಮ್ಮ ಗೋವೆಯಂತೆಯೇ. ಅಷ್ಟು ಖುಷಿ ನನಗೆ ಆ ಪ್ರವಾಸದಲ್ಲಿ ಮತ್ತೆ ಆಗಲಿಲ್ಲ.

ಸಂಜೆ ಆ ಬಡಾವಣೆಗೆ ಜಾತ್ರೆಯ ಕಳೆ. ಅಲೆಯ ಮೇಲೆ ಜಾರುವ ಹಲಗೆಗಳನ್ನು ಕಂಕುಳಲ್ಲಿಟ್ಟುಕೊಂಡು ಹುಡುಗಿಯರು ನೀರಿನಿಂದ ಮೇಲೆ ಬರುತ್ತಿದ್ದರು. ಗುಡ್ಡದ ಅಂಚಿನಿಂದ ಜನ ಬಣ್ಣದ ಛತ್ರಿ ಕಟ್ಟಿಕೊಂಡು ಗಾಳಿಗೆ ಹಾರುತ್ತಿದ್ದರು. ಹೂದೋಟದಲ್ಲಿ ನಮ್ಮ ವಯಸ್ಸಿನ ಗಂಡ-ಹೆಂಡಿರು ಕೈಕೈ ಹಿಡಿದು ಕುಣಿಯುತ್ತಿದ್ದರು. ಹೆಬ್ಬೆರಳ ಉಗುರಿನ ಗಾತ್ರದ ಕಾಳಿನ ಗೋವಿನಜೋಳದ ತೆನೆ ತಿನ್ನುತ್ತ ಹೆಂಡತಿ ನನ್ನ ತೋಳು ಎಳೆದಳು. "ಬರ್ರಿ, ನಾವೂ ಕುಣಿಯೂಣು. ಇಲ್ಲಿ ಯಾರು ನೋಡ್ತಾರ?"

"ಮೊಬೈಲ್ ಕೊಡು. ಸೂರ್ಯ ಮುಳುಗಾಕ ಹತ್ಯಾನ," ಎಂದೆ. ಅಂಚಿನ ಗೋಡೆಗೆ ಮೊಣಕೈ ಊರಿ, ಸೂರ್ಯ ಪೂರ್ತಿ ನೀರಿಗಿಳಿಯುವವರೆಗೆ ವಿಡಿಯೊ ಹಿಡಿದೆ.

ಊರಿಗೆ ಬಂದು ಸೂರ್ಯನ ವಿಷಯ ಯಾರಿಗೂ ಹೇಳಲಿಲ್ಲ. ಕಾದೆ. ಭಾವನ ಮಗಳ ಮದುವೆ ನಿಶ್ಚಯವಾಯಿತು, ಕಿತ್ತೂರಿನ ಬೀಗರು ರಾಮದುರ್ಗಕ್ಕೆ ಬಂದರು. ಊಟವಾದ ಮೇಲೆ ನಾನೇ ಕೇಳಿದೆ: "ಭಾವ, ನಿಮ್ಮ ಲಿಮಾದ ಪೂಜಿ ಕಥಿ ಹೇಳ್ರಿ. ಬೀಗರು ಕೇಳಿಲ್ಲ."

ಅವರು ಉಬ್ಬಿ ಹೇಳಿದರು. ನಾನು ಕೇಳಿದೆ: "ಸೂರ್ಯ ಖರೇನ ನೀರಾಗಿಂದ ಎದ್ನೇನ್ರಿ?"

"ಮತ್ತ? ಗೋವಾದಾಗ ಮುಳುಗತಾನ. ಲಿಮಾ ಭೂಮಿ ಆ ಕಡಿ ಮೈ. ಅಲ್ಲಿ ಏಳಬೇಕಲ್ರಿ ಮಾಸ್ತರ!"

ಪಡಸಾಲೆಯೆಲ್ಲ ನಕ್ಕಿತು. ನಾನು ಮೊಬೈಲನ್ನು ಬೀಗರ ಕೈಗೇ ಕೊಟ್ಟೆ. "ಇದ ಊರು, ಇದ ಸಮುದ್ರ. ಸಂಜಿ ಹೊತ್ತು. ನೋಡ್ರಿ."

ಅದು ಕೈಯಿಂದ ಕೈಗೆ ಹೋಯಿತು. ಕೊನೆಗೆ ಹುಡುಗನ ಅಜ್ಜಿ ಕೇಳಿದಳು: "ಹಂಗಾದ್ರ ಲಿಂಗ ಕೈಯಾಗ ಇಟಗೊಂಡಿದ್ನಿ ಅಂದಿರಲ್ರಿ, ಅದೂ ಸುಳ್ಳ?"

ಭಾವನ ಮುಖ ಬಿಳಿಚಿತು. "ಹೊಟ್ಟಿ ಕೆಟ್ಟಿತ್ರಿ ಯವ್ವಾ. ಇದ್ದಷ್ಟು ದಿನಾ ಹೋಟೆಲ್ ಖೋಲ್ಯಾಗ ಮಲಗಿದ್ನಿ. ಸಮುದ್ರ ಕಿಡಕ್ಯಾಗಿಂದ ಸೈತ ಕಾಣಲಿಲ್ಲ."

ಯಾರೂ ನಗಲಿಲ್ಲ. ನನ್ನ ಹೆಂಡತಿಯೂ ನಗಲಿಲ್ಲ. ನನಗೆ ಬೇಕಾದದ್ದು ಅಷ್ಟೇ.

ಮರಳಿ ಬರುವಾಗ ಕಾರು ಸವದತ್ತಿ ದಾಟಿತು. ಹೆಂಡತಿ ಕೇಳಿದಳು: "ಅಷ್ಟ ದೂರ ನನ್ನ ಕರಕೊಂಡ ಹೋಗಿದ್ದು ಇದಕ್ಕೇನ್ರಿ?"

"ಹೌದು."

"ಮುಂದಿನ ವರ್ಷ ನಾ ಅಣ್ಣನ ಜೋಡಿ ಹೋಗತೇನಿ. ಪಾಪ, ಅಂವ ಸಮುದ್ರಾನ ನೋಡಿಲ್ಲ. ನೀವು ಮನ್ಯಾಗ ಇರ್ರಿ."

"ಹೋಗ್ರಿ," ಎಂದೆ. "ಮುಂಜಾನೆ ಕರಕೊಂಡ ಹೋಗು. ಆ ಕಲ್ಲಿನ ಮ್ಯಾಲ ಕುಂದರ್ಸು. ಸೂರ್ಯ ನೀರಾಗಿಂದ ಎದ್ದ ಕೂಡ್ಲೆ ನನಗ ಫೋನ್ ಹಚ್ಚಾಕ ಹೇಳು."