ನಾನು ಕಾಯುತ್ತಿದ್ದ ಬಾಗಿಲು

ಒದ್ದೆ ಮರದ ಮೇಲೆ ಕಬ್ಬಿಣದ ಚಿಲಕ ಸರಿಯುವ ಸದ್ದು ಕೇಳಿದರೆ ಇಂದಿಗೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕಳೆದ ತಿಂಗಳು ಹೊಸನಗರದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ, ಅಲ್ಲಿನ ಬಚ್ಚಲುಗಳ ಸ್ಥಿತಿ ನೋಡಿ ವರದಿ ಬರೆಯಲು ಹೋಗಿದ್ದೆ. ಆ ಸದ್ದು ಕೇಳಿತು. ಅದರ ಹಿಂದೆಯೇ ಸೀಗೆಪುಡಿ, ಫಿನೈಲು, ಆರದ ಟವೆಲುಗಳ ಬೆರೆತ ವಾಸನೆ. ಸಾಗರದಲ್ಲಿ ನಾವು ಹದಿನೆಂಟು ಹುಡುಗಿಯರಿದ್ದ, ಈಗ ಕುರುಹೂ ಉಳಿಯದ ಆ ಹಾಸ್ಟೆಲಿನ ಹಿಂದಿನ ಜಗಲಿ ಕಣ್ಣೆದುರು ಬಂದು ನಿಂತಿತು.

ಅಲ್ಲಿದ್ದುದು ಎರಡೇ ಬಚ್ಚಲು. ಬಾಗಿಲುಗಳು ಹೊರಕ್ಕೆ ತೆರೆಯುತ್ತಿದ್ದವು, ಎರಡಕ್ಕೂ ಚಿಲಕವಿರಲಿಲ್ಲ. ನಮಗಿಂತ ಹಿಂದಿನವರು ಅದಕ್ಕೊಂದು ಕ್ರಮ ಮಾಡಿಟ್ಟಿದ್ದರು. ಪ್ರತಿಯೊಬ್ಬಳಿಗೂ ಒಬ್ಬ ಜೊತೆಗಾತಿ. ಒಬ್ಬಳು ಒಳಗೆ ಮೀಯುವಾಗ ಇನ್ನೊಬ್ಬಳು ಹೊರಗಿನ ಮೆಟ್ಟಿಲ ಮೇಲೆ, ಬಾಗಿಲಿಗೆ ಬೆನ್ನು ಒತ್ತಿ ಕೂರಬೇಕು. ತಾನು ಎದ್ದು ಹೋಗಿಲ್ಲವೆಂದು ಒಳಗಿನವಳಿಗೆ ತಿಳಿಯಲು ಪಾಠವನ್ನು ಗಟ್ಟಿಯಾಗಿ ಓದುತ್ತಿರಬೇಕು. ಹೀಗಾಗಿ ನಮ್ಮ ಬೆಳಗುಗಳಲ್ಲಿ ತಂಬಿಗೆಯ ಸದ್ದಿನ ಜೊತೆ ಅರ್ಥಶಾಸ್ತ್ರ, ಇತಿಹಾಸಗಳೂ ಕೇಳಿಬರುತ್ತಿದ್ದವು. ಹೊಸಬಳು ಬಂದರೆ ಊರು, ಹೆಸರು ಕೇಳಿದ ಮೇಲೆ ಮೂರನೆಯ ಪ್ರಶ್ನೆ, 'ನೀನು ಯಾರ ಬಾಗ್ಲು?' ಎಂದು. ನಾನು ರತ್ನಳ ಬಾಗಿಲು, ಅವಳು ನನ್ನದು.

ಮೇಳಿಗೆ ಕಡೆಯ ರೈತರ ಮಗಳು ರತ್ನ. ನಾನಾದರೋ ತಪ್ಪು ಕಂಡಲ್ಲಿ ಅದನ್ನು ಹೆಸರಿಟ್ಟು ಹೇಳಬೇಕೆಂದು ಕಲಿಸಿದ ಶಾಲೆಯಿಂದ ಬಂದವಳು. ಆ ಹಾಸ್ಟೆಲಿನಲ್ಲಿ ನನಗೆ ಹೆಸರಿಡಲು ತಪ್ಪುಗಳಿಗೇನೂ ಬರವಿರಲಿಲ್ಲ. ಗಾಜಿಲ್ಲದ ಕಿಂಡಿ, ಮುಟ್ಟಿನ ಬಟ್ಟೆ ಹಾಕಲು ಒಂದು ಡಬ್ಬಿಯೂ ಇಲ್ಲದಿರುವುದು, ನಾಚಿಕೆಯನ್ನು ಹೆಣ್ಣುಮಕ್ಕಳಿಗೆ ಬೋಧಿಸುತ್ತಲೇ ಅವರಿಗೊಂದು ಚಿಲಕ ಕೊಡದ ವ್ಯವಸ್ಥೆ. ಇತಿಹಾಸ ಬಿಟ್ಟು ನಾನು ಇವನ್ನೇ ಗಟ್ಟಿಯಾಗಿ ಹೇಳುತ್ತ ಕೂತಿದ್ದ ಒಂದು ಬೆಳಗ್ಗೆ ರತ್ನ ಒಳಗಿನಿಂದ, "ಏ ಲೀಡ್ರೇ, ಸೋಪು ಹೊರಗೇ ಬಿಟ್ಟೀನಿ. ಮೊದ್ಲು ಅದ್ ಕೊಡೇ, ಆಮೇಲೆ ಕ್ರಾಂತಿ ಮಾಡು" ಎಂದಳು. ನಗುತ್ತ ಬಾಗಿಲು ಸರಿಸಿ ಸೋಪು ಚಾಚಿದಾಗ ಅವಳ ಬೆನ್ನು ಕಂಡಿತು. ಕುತ್ತಿಗೆಯಿಂದ ಸೊಂಟದವರೆಗೆ ಸುಟ್ಟು ಸುಕ್ಕಾದ ಚರ್ಮ. ಆಮೇಲೆ ಅವಳೇ ಹೇಳಿದಳು, "ಸಣ್ಣೋಳಿದ್ದಾಗ ಬಿಸಿನೀರ್ ಹಂಡೆ ಮಗುಚಿದ್ದು. ಯಾರಿಗೂ ಹೇಳ್ಬೇಡ ಮಾರಾಯ್ತಿ. ಅಯ್ಯೋ ಪಾಪ ಅಂತಾರೆ, ಅದೊಂದು ನಂಗೆ ಆಗಲ್ಲ." ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಚಿಲಕಕ್ಕಾಗಿ ನಾನು ಬರೆದ ಎರಡು ಮನವಿಗಳಿಗೆ ಉತ್ತರ ಬರಲಿಲ್ಲ. ಮೂರನೆಯದನ್ನು ಪೋಷಕರ ಸಭೆಯಲ್ಲಿ, ಆಡಳಿತದವರ ಎದುರು ನಿಂತು ಓದಿದೆ. ಕಲ್ಲನ್ನೂ ಕರಗಿಸುವ ಒಂದು ಉದಾಹರಣೆ ಬೇಕಿತ್ತು. 'ನಾನು ದಿನವೂ ಬಾಗಿಲು ಕಾಯುವ ಗೆಳತಿಯ ಬೆನ್ನ ತುಂಬ ಸುಟ್ಟ ಕಲೆಯಿದೆ. ಚಿಲಕವಿಲ್ಲದ ಬಾಗಿಲ ಹಿಂದೆ ಆಕೆ ಪಡುವ ಭಯಕ್ಕೆ ಯಾರು ಹೊಣೆ?' ಎಂದು ಬರೆದಿದ್ದೆ. ಹೆಸರು ಬರೆಯದೆ ಕೊಟ್ಟ ಮಾತು ಉಳಿಸಿಕೊಂಡೆನೆಂಬ ಹೆಮ್ಮೆಯೂ ಇತ್ತು. ತಲೆಯೆತ್ತಿದಾಗ ಹದಿನಾರು ಹುಡುಗಿಯರ ಮುಖಗಳು ಮೂರನೆಯ ಸಾಲಿನತ್ತ ತಿರುಗಿದ್ದವು. ಅಲ್ಲಿ ರತ್ನಳ ತಾಯಿ ತಮ್ಮ ಸೆರಗಿನ ತುದಿಯನ್ನು ಎಳೆದು, ಮೈತುಂಬ ಬಟ್ಟೆ ತೊಟ್ಟು ಕೂತಿದ್ದ ಮಗಳ ಹೆಗಲಿಗೆ ಹೊದಿಸುತ್ತಿದ್ದರು. ಆಮೇಲೆ ಚಪ್ಪಾಳೆ ಬಿತ್ತು.

ವಾರದೊಳಗೆ ಚಿಲಕಗಳು ಬಂದವು. ಹುಡುಗಿಯರು ರತ್ನಳಿಗೆ ತೀರಾ ಮೃದುವಾದರು. ಒಬ್ಬಳು ಜೇನುತುಪ್ಪ ಹಚ್ಚಲು ಹೇಳಿದಳು, ಇನ್ನೊಬ್ಬಳು ಸಾಲಿನಲ್ಲಿ ತನ್ನ ಬಕೆಟ್ ಹಿಂದಿಟ್ಟು ಅವಳದನ್ನು ಮುಂದಿಟ್ಟಳು. "ನಾನು ಹೆಸರು ಹೇಳ್ಲಿಲ್ಲ ಕಣೇ" ಎಂದೆ. ರತ್ನ ಬಟ್ಟೆ ಮಡಚುತ್ತಲೇ, "ನೀನು ಯಾರ ಬಾಗ್ಲು ಅಂತ ಇಲ್ಲಿ ಯಾರಿಗ್ ಗೊತ್ತಿಲ್ಲ?" ಎಂದಳು. ಚಿಲಕ ಬಂದ ಮೊದಲ ಬೆಳಗ್ಗೆ ನಾನು ಎಂದಿನಂತೆ ಅವಳ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಇತಿಹಾಸ ಓದತೊಡಗಿದೆ. ಹಿಂದಿನಿಂದ ಕಬ್ಬಿಣ ಸರಿದ ಸದ್ದು ಬೆನ್ನಿಗೆ ತಾಕಿತು. "ಚಿಲಕ ಬಂತಲ್ಲ" ಎಂದಿತು ಅವಳ ದನಿ. "ಏಳು ನೀನು." ಪರೀಕ್ಷೆ ಮುಗಿದ ಮೇಲೆ ಅವಳು ತೀರ್ಥಹಳ್ಳಿಯ ಚಿಕ್ಕಮ್ಮನ ಮನೆಗೆ ಹೋದಳು, ಅಲ್ಲಿನ ಕಾಲೇಜು ಸೇರಿದಳು. ಮತ್ತೆ ನಾವು ಮಾತಾಡಲಿಲ್ಲ.

ಅಂದಿನಿಂದ ಎಷ್ಟೋ ಸಭೆಗಳಲ್ಲಿ ನಾನು ಆ ಚಿಲಕಗಳ ಕತೆ ಹೇಳಿದ್ದೇನೆ. ಬೆನ್ನಿನ ಕತೆಯನ್ನೂ ಹೇಳಿದ್ದೇನೆ, ಏಕೆಂದರೆ ಕೇಳುವವರು ಅಲ್ಲಿ ಕರಗುತ್ತಾರೆ. ಎಲ್ಲ ತಪ್ಪುಗಳಿಗೂ ಹೆಸರಿಟ್ಟ ನಾನು ಇದೊಂದಕ್ಕೆ ಇಡಲಿಲ್ಲ. ಇಲ್ಲಿ ಅವಳ ಹೆಸರನ್ನೂ ಊರನ್ನೂ ಬದಲಿಸಿದ್ದೇನೆ. ಆದರೂ ಅವಳ ಅಪ್ಪಣೆಯಿಲ್ಲದೆ ಆ ಬಾಗಿಲನ್ನು ನಿಮ್ಮೆದುರು ಇನ್ನೊಮ್ಮೆ ತೆರೆದಿದ್ದೇನೆಂಬುದು ನನಗೆ ಗೊತ್ತು.

ಹೊಸನಗರದ ಆ ಹಾಸ್ಟೆಲಿನಲ್ಲಿ ಚಿಲಕ ಭದ್ರವಾಗಿಯೇ ಇತ್ತು. ಆದರೂ ಹೊರಗಿನ ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಬಾಗಿಲಿಗೆ ಒರಗಿ, ಮೊಬೈಲು ನೋಡುತ್ತ ಕೂತಿದ್ದಳು. ಚಿಲಕ ಇದೆಯಲ್ಲ, ಮತ್ತೇಕೆ ಕೂತಿದ್ದೀಯ ಎಂದು ಕೇಳಿದೆ.

"ಇದೆ ಮೇಡಂ. ಸುಮ್ನೆ, ಇವ್ಳಿಗೆ ಜೊತೆಗೆ" ಎಂದಳು.

ಅವಳ ಹೆಸರು ಕೇಳಲಿಲ್ಲ. ಒಳಗೆ ಯಾರೆಂದೂ ಕೇಳಲಿಲ್ಲ. ಪೆನ್ನು ಮುಚ್ಚಿ, ಸದ್ದಾಗದಂತೆ ಜಗಲಿ ಇಳಿದು ಬಂದೆ.